ಬರಗಾಲ ‘ಮರಗಾಲ’ವಾಯಿತು: ಎರಡು ರ‍್ಯಾಮ್ ಕಿಟ್ ಸೇರಿಸಿದ ಆರು ವಾರದ ದಾಖಲೆ

ನಮ್ಮ ದೊಡ್ಡಪ್ಪ ಪಾವಗಡದ ಕಡೆ ಮೇಷ್ಟ್ರಾಗಿದ್ದರು. ಅವರ ದಿನಚರಿ 22 ನೋಟ್‌ಬುಕ್ ಇದೆ. ಮಳೆ ಎಷ್ಟಾಯಿತು, ಶೇಂಗಾ ಏನು ರೇಟು, ಯಾರ ಬಾವಿ ಬತ್ತಿತು, ಎಲ್ಲ ಬರೆದಿಟ್ಟಿದ್ದಾರೆ. ಅದನ್ನು ಸ್ಕ್ಯಾನ್ ಮಾಡಿ, ಟೈಪ್ ಮಾಡಿ, ಪುಸ್ತಕ ಮಾಡುವ ಕೆಲಸ ತುಮಕೂರಿನ ನಮ್ಮ ಮನೆಯಲ್ಲಿ ನಡೆಯುತ್ತಿದೆ. ಪುಟಗಳನ್ನು 600 ಡಿಪಿಐನಲ್ಲಿ ಬಣ್ಣದಲ್ಲೇ ಸ್ಕ್ಯಾನ್ ಮಾಡುತ್ತೇನೆ. ಒಂದೊಂದು ಫೈಲು 60 ಎಂಬಿ ದಾಟುತ್ತದೆ. ನೂರು ಪುಟ ಒಟ್ಟಿಗೆ ಸ್ವಚ್ಛ ಮಾಡಲು ಕೊಟ್ಟರೆ 16 ಜಿಬಿ ರ‍್ಯಾಮ್ (ಕೆಲಸ ಮಾಡುವಾಗ ಕಂಪ್ಯೂಟರ್ ಬಳಸುವ ತಾತ್ಕಾಲಿಕ ಮೆಮೊರಿ) ಸಾಲುತ್ತಿರಲಿಲ್ಲ, ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು.

ಅದನ್ನು 32 ಜಿಬಿ ಮಾಡಲು ಹೋಗಿ ಏನೇನಾಯಿತು ಅನ್ನೋದು ಇಲ್ಲಿದೆ. 2024ರ ಏಪ್ರಿಲ್, ಮೇ ತಿಂಗಳಲ್ಲಿ ಮೇಜಿನ ಮೇಲಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಕಂಪ್ಯೂಟರ್ 2020ರಲ್ಲಿ ಜೋಡಿಸಿದ್ದು. ಪ್ರೊಸೆಸರ್ ರೈಜನ್ 5 3600. ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡು, ರ‍್ಯಾಮ್‌ಗೆ ನಾಲ್ಕು ಸ್ಲಾಟ್. ಆಗ ಹಾಕಿದ್ದು 8 ಜಿಬಿಯ ಎರಡು ಸ್ಟಿಕ್ (ರ‍್ಯಾಮ್ ಚಿಪ್ ಇರುವ ಪಟ್ಟಿ; ಒಂದೇ ಡಬ್ಬಿಯಲ್ಲಿ ಬರುವ ಜೋಡಿಗೆ ಕಿಟ್ ಅನ್ನುತ್ತಾರೆ), ಡಿಡಿಆರ್4 ಪೀಳಿಗೆ, 3200 ವೇಗ, ಸಿಎಲ್16 (ಕೇಳಿದ ಡೇಟಾ ಕೊಡಲು ಎಷ್ಟು ತಡ ಅನ್ನುವ ಅಂಕಿ). ನಾಲ್ಕು ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ.

ಏಪ್ರಿಲ್ 6, ಶನಿವಾರ: ತಂದು ಹಾಕಿದ್ದು

ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಿನಲ್ಲಿ ಮೂರು ಅಂಗಡಿ ವಿಚಾರಿಸಿದೆ. ಹಳೇ ಡಬ್ಬಿಯ ಫೋಟೋ ಮೊಬೈಲಿನಲ್ಲಿತ್ತು. ಅದೇ ಕಂಪನಿ, ಅದೇ ಹೆಸರು, ಅದೇ ಬಣ್ಣದ ಡಬ್ಬಿ, ಅದೇ 3200, ಅದೇ ಸಿಎಲ್16. ಎರಡು ಸ್ಟಿಕ್‌ನ ಕಿಟ್‌ಗೆ ₹3,750.

‘ನಾಲ್ಕೂ ಒಟ್ಟಿಗೆ ನಡೆಯುತ್ತಾ?’ ಅಂತ ಕೇಳಿದೆ.

‘ಸೇಮ್ ಮಾಡೆಲ್ ಅಲ್ವಾ ಸಾರ್, ಹಾಕಿ, ಏನೂ ಆಗಲ್ಲ’ ಅಂದ ಅಂಗಡಿಯ ಹುಡುಗ. ಅವನು ಸುಳ್ಳು ಹೇಳಲಿಲ್ಲ. ಎಲ್ಲರೂ ಹಾಗೇ ನಂಬಿದ್ದಾರೆ, ನಾನೂ ನಂಬಿದ್ದೆ.

ಅದೇ ಅಂಗಡಿಯಲ್ಲಿ 16 ಜಿಬಿಯ ಎರಡು ಸ್ಟಿಕ್ ಇರುವ ಒಂದೇ ಕಿಟ್‌ಗೆ ₹6,300 ಹೇಳಿದ್ದರು. ಹಳೇದನ್ನು ಕೊಟ್ಟರೆ ₹1,800 ಹಿಡಿದುಕೊಳ್ಳುತ್ತೇವೆ ಅಂದರು. ಅಂದರೆ ಕೈಯಿಂದ ₹4,500. ₹750 ಉಳಿಯುತ್ತದೆ ಅಂತ ಬೇಡ ಅಂದೆ. ಈ ಅಂಕಿ ಗಮನದಲ್ಲಿರಲಿ.

ಮನೆಗೆ ಬಂದು ಕ್ಯಾಬಿನೆಟ್ ಬಿಚ್ಚಿದೆ. ಪ್ರೊಸೆಸರ್ ಪಕ್ಕದಿಂದ ಎಣಿಸಿದರೆ ಹಳೇ ಸ್ಟಿಕ್‌ಗಳು ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿದ್ದವು. ಎರಡೇ ಸ್ಟಿಕ್ ಇದ್ದರೆ ಅಲ್ಲೇ ಹಾಕಬೇಕು. ಹೊಸವು ಒಂದು ಮತ್ತು ಮೂರನೇ ಸ್ಲಾಟ್‌ಗೆ. ಮೊದಲನೇ ಸ್ಲಾಟ್ ಮೇಲೆ ಕೂಲರ್ ಫ್ಯಾನ್ ಬಂದು ಕೂತಿತ್ತು. ಕ್ಲಿಪ್ ಬಿಚ್ಚಿ ಫ್ಯಾನನ್ನು 5 ಮಿಲಿಮೀಟರ್ ಮೇಲಕ್ಕೆ ಏರಿಸಿದೆ.

ಸ್ವಿಚ್ ಒತ್ತಿದೆ. ಪರದೆ ಕಪ್ಪು. ತಾನೇ ಆಫ್ ಆಯಿತು, ತಾನೇ ಆನ್ ಆಯಿತು. ಹೀಗೆ ಮೂರು ಸಲ. ಆಮೇಲೆ 2133 ವೇಗದಲ್ಲಿ ಏಳುತ್ತಿದ್ದೇನೆ ಅಂತ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ತೋರಿಸಿತು. ನಾನು ಮತ್ತೆ ಎಕ್ಸ್‌ಎಂಪಿ, ಅಂದರೆ ಡಬ್ಬಿ ಮೇಲೆ ಬರೆದ ವೇಗದಲ್ಲಿ ರ‍್ಯಾಮ್ ಓಡಿಸುವ ಸೆಟ್ಟಿಂಗ್, ಆನ್ ಮಾಡಿದೆ. ಈ ಸಲ ಎದ್ದಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ 32 ಜಿಬಿ, 3200. ಖುಷಿಯಾಗಿ ಕ್ಯಾಬಿನೆಟ್ ಮುಚ್ಚಿದೆ.

ಇಲ್ಲಿ ಆದ ತಪ್ಪು: ಮೂರು ಸಲ ಏಳದೇ ಹೋದದ್ದು ಬೋರ್ಡು ಕೊಟ್ಟ ಸ್ಪಷ್ಟ ಎಚ್ಚರಿಕೆ. ನಾಲ್ಕು ಸ್ಟಿಕ್‌ಗಳನ್ನು ಹೇಳಿದ ವೇಗಕ್ಕೆ ಹೊಂದಿಸಲು ಅದು ಪ್ರಯತ್ನಿಸಿ ಸೋತಿತ್ತು. ನಾಲ್ಕನೇ ಸಲ ಹೇಗೋ ಎದ್ದಿತು. ಎದ್ದಿತು ಅಂದ ಮಾತ್ರಕ್ಕೆ ಸರಿಯಾಗಿದೆ ಅಂತ ಅಲ್ಲ. ಒಂದೇ ಒಂದು ಪರೀಕ್ಷೆ ಮಾಡದೆ ಅವತ್ತು ಸಂಜೆಯೇ ಸ್ಕ್ಯಾನಿಂಗ್ ಶುರು ಮಾಡಿದೆ.

ಏಪ್ರಿಲ್ 7ರಿಂದ 13: ತಪ್ಪು ಕಡೆ ಹುಡುಕಾಟ

ಭಾನುವಾರ ಬ್ರೌಸರ್‌ನ ಟ್ಯಾಬ್ ಎರಡು ಸಲ ಸುಮ್ನೆ ಸತ್ತಿತು. ಯುಗಾದಿಯ ದಿನ, ಮಂಗಳವಾರ, ಮೊದಲ ಬ್ಲೂ ಸ್ಕ್ರೀನ್ (ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ): ‘ಮೆಮೊರಿ ಮ್ಯಾನೇಜ್‌ಮೆಂಟ್’. ಹೆಸರಿನಲ್ಲೇ ಮೆಮೊರಿ ಇತ್ತು. ಆದರೂ ಹಿಂದಿನ ರಾತ್ರಿ ವಿಂಡೋಸ್ ಅಪ್‌ಡೇಟ್ ಆಗಿತ್ತಲ್ಲ, ಅದರ ಮೇಲೆ ಹಾಕಿದೆ. ಬುಧವಾರ ಗ್ರಾಫಿಕ್ಸ್ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಗುರುವಾರ ಬಯಾಸ್ ಅಪ್‌ಡೇಟ್ ಮಾಡಿದೆ.

ಬಯಾಸ್ ಅಪ್‌ಡೇಟ್ ಮಾಡಿದ್ದು ಇಡೀ ಆರು ವಾರದಲ್ಲಿ ಅತಿ ಅಪಾಯದ ಕೆಲಸ. ರ‍್ಯಾಮ್ ನಂಬಿಕೆಗೆ ಯೋಗ್ಯವಲ್ಲದಾಗ ಬಯಾಸ್ ಬರೆಯಲೇಬಾರದು. ಬರೆಯುವ ಫೈಲೂ ಅದೇ ರ‍್ಯಾಮ್ ಮೂಲಕವೇ ಹೋಗೋದು. ಒಂದು ಕಡೆ ಹಾಳಾದರೆ ಬೋರ್ಡೇ ಏಳದಿರಬಹುದು. ಹಳೇ ಎರಡು ಸ್ಟಿಕ್ ಮಾತ್ರ ಇಟ್ಟು, ಎಕ್ಸ್‌ಎಂಪಿ ಆಫ್ ಮಾಡಿ, ಯುಪಿಎಸ್ ಮೇಲೆ ಮಾಡಬೇಕಿತ್ತು. ನನ್ನದು ಏನೂ ಆಗದೆ ಮುಗಿಯಿತು, ಆದರೆ ತೊಂದರೆ ಹಾಗೇ ಉಳಿಯಿತು.

ಇದರ ನಡುವೆ ಬುಧವಾರ ರಾತ್ರಿ ಎಂದಿನಂತೆ ಬ್ಯಾಕಪ್ ತೆಗೆದೆ. ಹಳೇ ಬ್ಯಾಕಪ್ ಮೇಲೆಯೇ ಹೊಸದು ಬರೆಯುವ ವ್ಯವಸ್ಥೆ ನನ್ನದು. ಇದರ ಫಲ ಆಮೇಲೆ ಬರುತ್ತದೆ.

ಏಪ್ರಿಲ್ 14, ಭಾನುವಾರ: ‘ಮರಗಾಲ’

ದೊಡ್ಡಪ್ಪನ ಮಗಳು, ನನಗೆ ಅಕ್ಕ, ಟೈಪ್ ಆದ ಪುಟಗಳನ್ನು ಓದಿ ತಿದ್ದುತ್ತಾರೆ. ಪೆನ್‌ಡ್ರೈವ್‌ನಲ್ಲಿ ಕೊಟ್ಟ ಫೈಲನ್ನು ಅವರು ಪ್ರಿಂಟ್ ಹಾಕಿಸಿಕೊಂಡಿದ್ದರು. ಬೆಳಗ್ಗೆ ಫೋನು ಬಂತು.

‘ಲೋ, 112ನೇ ಪುಟ ನೋಡು. ಅಪ್ಪ ಮರಗಾಲ ಅಂತ ಬರೆದಿದ್ದಾರೇನೋ? ಆ ಕಡೆ ಹಂಗಂತಾರಾ?’

ಕಂಪ್ಯೂಟರಿನಲ್ಲಿದ್ದ ಫೈಲ್ ತೆಗೆದೆ. ‘ಬರಗಾಲ’ ಅಂತಲೇ ಇತ್ತು. ನೋಟ್‌ಬುಕ್ಕಿನಲ್ಲೂ ಬರಗಾಲ. ಪೆನ್‌ಡ್ರೈವ್ ಪ್ರತಿಯಲ್ಲಿ ಮಾತ್ರ ‘ಮರಗಾಲ’. ಬರೀ ಕಾಪಿ ಮಾಡಿದ ಫೈಲು ಅದು, ತೆರೆದೂ ಇರಲಿಲ್ಲ.

ಎರಡು ಫೈಲ್‌ಗಳನ್ನು ಬೈಟ್ ಬೈಟ್ (ಬೈಟ್ ಅಂದರೆ ಎಂಟು ಬಿಟ್, ಬಿಟ್ ಅಂದರೆ ಒಂದು ಸೊನ್ನೆ ಇಲ್ಲವೇ ಒಂದು) ಹೋಲಿಸುವ ಎಫ್‌ಸಿ ಅನ್ನೋ ಕಮಾಂಡ್ ವಿಂಡೋಸ್‌ನಲ್ಲೇ ಇದೆ. ಅದಕ್ಕೆ ಸ್ಲ್ಯಾಶ್ ಬಿ ಸೇರಿಸಿ ಓಡಿಸಿದೆ. ಇಡೀ ಫೈಲಿನಲ್ಲಿ ವ್ಯತ್ಯಾಸ ಒಂದೇ ಸಾಲು. ಒಂದರಲ್ಲಿ 172 ಇದ್ದ ಬೈಟು ಇನ್ನೊಂದರಲ್ಲಿ 174. ಯೂನಿಕೋಡ್‌ನಲ್ಲಿ ಬ ಅಕ್ಷರದ ಕೊನೆಯ ಬೈಟು 172, ಮ ಅಕ್ಷರದ್ದು 174. ಸೊನ್ನೆ ಒಂದರಲ್ಲಿ ಬಿಡಿಸಿ ಬರೆದು ನೋಡಿದೆ.

ಬ: 10101100
ಮ: 10101110

ಬಲಗಡೆಯಿಂದ ಎರಡನೇ ಸ್ಥಾನದಲ್ಲಿ ಒಂದೇ ಒಂದು ಸೊನ್ನೆ ಒಂದಾಗಿದೆ. ಅಷ್ಟೇ. ಬರ ಹೋಗಿ ಮರ ಬಂದಿದೆ. ಆ ಕಾಗದವನ್ನು ನೋಡುತ್ತಾ ಕೂತವನಿಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಒಂದು ವಾರದಿಂದ ಇದೇ ಕಂಪ್ಯೂಟರಿನಲ್ಲಿ 214 ಪುಟ ಸ್ಕ್ಯಾನ್ ಮಾಡಿದ್ದೆ.

ಪೆನ್‌ಡ್ರೈವ್ ಕೆಟ್ಟಿದ್ದರೂ ಹೀಗಾಗಬಹುದು. ಅದನ್ನು ಮೊದಲು ಖಚಿತ ಮಾಡಿಕೊಳ್ಳಬೇಕಿತ್ತು. 6 ಜಿಬಿಯ ಒಂದು ಫೋಲ್ಡರನ್ನು ಕಂಪ್ಯೂಟರಿನ ಒಳಗೇ, ಎಸ್‌ಎಸ್‌ಡಿಯಿಂದ ಎಸ್‌ಎಸ್‌ಡಿಗೆ, ಹತ್ತು ಸಲ ಕಾಪಿ ಮಾಡಿ ಹೋಲಿಸಿದೆ. ಎರಡು ಪ್ರತಿಗಳಲ್ಲಿ ವ್ಯತ್ಯಾಸ ಬಂತು, ಎರಡರಲ್ಲೂ ಬೇರೆ ಬೇರೆ ಜಾಗದಲ್ಲಿ. ಅದೇ ಪೆನ್‌ಡ್ರೈವನ್ನು ಹೆಂಡತಿಯ ಲ್ಯಾಪ್‌ಟಾಪಿಗೆ ಹಾಕಿ ಹತ್ತು ಸಲ ಮಾಡಿದೆ. ಒಂದೂ ವ್ಯತ್ಯಾಸ ಇಲ್ಲ.

ಆ ಕ್ಷಣವೇ ದಿನಚರಿಯ ಕೆಲಸ ಪೂರ್ತಿ ನಿಲ್ಲಿಸಿದೆ. ಬ್ಯಾಕಪ್ ಡಿಸ್ಕ್ ಕಿತ್ತು ಕಪಾಟಿಗೆ ಇಟ್ಟೆ.

ಏಪ್ರಿಲ್ 14 ರಾತ್ರಿಯಿಂದ 18: ಯಾವ ಸ್ಟಿಕ್ ಕೆಟ್ಟಿದೆ?

ವಿಂಡೋಸ್ ಜೊತೆಗೇ ಬರುವ ಮೆಮೊರಿ ಡಯಾಗ್ನಾಸ್ಟಿಕ್ ಮೊದಲು ಓಡಿಸಿದೆ. ‘ಯಾವ ದೋಷವೂ ಇಲ್ಲ’ ಅಂದಿತು. ಇದನ್ನು ನಂಬಿ ಅಲ್ಲೇ ನಿಲ್ಲಿಸುವವರು ಬಹಳ ಜನ. ಕಣ್ಣಮುಂದೆ ತಪ್ಪು ಬೈಟ್ ಇದ್ದದ್ದರಿಂದ ನಾನು ನಿಲ್ಲಿಸಲಿಲ್ಲ.

₹350 ಕೊಟ್ಟು ಹೊಸ ಪೆನ್‌ಡ್ರೈವ್ ತಂದು ಮೆಮ್‌ಟೆಸ್ಟ್86 ಅನ್ನೋ ರ‍್ಯಾಮ್ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿದೆ. ಉಚಿತ ಆವೃತ್ತಿಯಲ್ಲಿ ನಾಲ್ಕು ಸುತ್ತು ಓಡುತ್ತದೆ. ಅದನ್ನು ಲ್ಯಾಪ್‌ಟಾಪಿನಲ್ಲೇ ತಯಾರು ಮಾಡಿದೆ. ರಾತ್ರಿ ಹತ್ತಕ್ಕೆ ಶುರು ಮಾಡಿ ಮಲಗಿದೆ. ಮೊದಲ ಸುತ್ತು ಚಿಕ್ಕದು, ಅದರಲ್ಲಿ ಏನೂ ಬರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ನಾಲ್ಕು ಸುತ್ತು ಮುಗಿದು 37 ದೋಷ. ಪರದೆಯ ಫೋಟೋ ತೆಗೆದಿಟ್ಟುಕೊಂಡೆ.

ಹೊಸ ಕಿಟ್‌ನಲ್ಲಿ ಒಂದು ಸ್ಟಿಕ್ ಕೆಟ್ಟಿರಬೇಕು, ವಾಪಸ್ ಕೊಡೋಣ ಅಂದುಕೊಂಡೆ. ಯಾವುದು ಅಂತ ಗೊತ್ತಾಗಬೇಕಲ್ಲ. ಒಂದೊಂದನ್ನೇ ಎರಡನೇ ಸ್ಲಾಟ್‌ಗೆ ಹಾಕಿ, ಎಕ್ಸ್‌ಎಂಪಿ ಆನ್ ಇಟ್ಟು ನಾಲ್ಕು ಸುತ್ತು ಓಡಿಸಿದೆ. ಒಂದೊಂದಕ್ಕೆ ಸುಮಾರು ಒಂದೂಕಾಲು ಗಂಟೆ. ಅದಲು ಬದಲಾಗದಿರಲಿ ಅಂತ ಸ್ಟಿಕ್‌ಗಳ ಮೇಲೆ ಅಂಟುಪಟ್ಟಿ ಹಚ್ಚಿ ಹ1, ಹ2, ಹೊ1, ಹೊ2 ಅಂತ ಬರೆದೆ. ಈ ಸಣ್ಣ ಕೆಲಸ ಮಾಡದಿದ್ದರೆ ಎರಡನೇ ದಿನಕ್ಕೆ ತಲೆ ಕೆಡುತ್ತದೆ.

ಹ1 ಸೊನ್ನೆ ದೋಷ. ಹ2 ಸೊನ್ನೆ. ಹೊ1 ಸೊನ್ನೆ. ಹೊ2 ಕೂಡ ಸೊನ್ನೆ.

ಹಳೇ ಜೋಡಿ ಒಟ್ಟಿಗೆ: ಸೊನ್ನೆ. ಹೊಸ ಜೋಡಿ ಒಟ್ಟಿಗೆ: ಸೊನ್ನೆ. ಸ್ಲಾಟ್ ಕೆಟ್ಟಿದೆಯೇನೋ ಅಂತ ಒಂದು ಮತ್ತು ಮೂರನೇ ಸ್ಲಾಟ್‌ನಲ್ಲಿ ಹೊಸ ಜೋಡಿ ಹಾಕಿ ನೋಡಿದೆ: ಸೊನ್ನೆ. ನಾಲ್ಕನ್ನೂ ಮತ್ತೆ ಹಾಕಿದರೆ 41 ದೋಷ.

ಕಾಂಟ್ಯಾಕ್ಟ್ ಕೊಳೆಯಾಗಿದೆಯಾ ಅಂತಲೂ ನೋಡಿದೆ. ನಮ್ಮಲ್ಲಿ ರಬ್ಬರ್‌ನಿಂದ ಉಜ್ಜುವುದು ರೂಢಿ. ಜಾಸ್ತಿ ಉಜ್ಜಿದರೆ ಚಿನ್ನದ ಲೇಪ ಸವೆಯುತ್ತದೆ, ರಬ್ಬರ್ ಪುಡಿ ಸ್ಲಾಟ್ ಒಳಗೆ ಬೀಳುತ್ತದೆ. ₹180ಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು ಬಟ್ಟೆಯಲ್ಲಿ ಒರೆಸಿದೆ. ದೋಷ 41ರಿಂದ 39ಕ್ಕೆ ಬಂತು. ಅಂದರೆ ಅದರಿಂದ ಏನೂ ಆಗಲಿಲ್ಲ.

ಕೊನೆಗೆ ಎಕ್ಸ್‌ಎಂಪಿ ಆಫ್ ಮಾಡಿ, ನಾಲ್ಕೂ ಸ್ಟಿಕ್ 2133 ವೇಗದಲ್ಲಿ ಇಡೀ ರಾತ್ರಿ. ಸೊನ್ನೆ.

ನಾಲ್ಕು ದಿನದಲ್ಲಿ ಹತ್ತು ಪರೀಕ್ಷೆ ಆದ ಮೇಲೆ ವಿಷಯ ಸ್ಪಷ್ಟವಾಯಿತು. ಕೆಟ್ಟ ಸ್ಟಿಕ್ ಇಲ್ಲವೇ ಇಲ್ಲ. ವಾಪಸ್ ಕೊಡಲು ಕಾರಣವೂ ಇಲ್ಲ. ಡಬ್ಬಿ ಮೇಲೆ 3200 ಅಂತ ಬರೆದಿರುವುದು ಆ ಡಬ್ಬಿಯೊಳಗಿನ ಎರಡು ಸ್ಟಿಕ್ ಮಾತ್ರ ಒಟ್ಟಿಗೆ ಇದ್ದಾಗಿನ ಮಾತು. ನನ್ನ ನಾಲ್ಕು ಸ್ಟಿಕ್‌ಗಳನ್ನು ಒಟ್ಟಿಗೆ ಯಾರೂ ಯಾವತ್ತೂ ಪರೀಕ್ಷೆ ಮಾಡಿರಲಿಲ್ಲ. ಮೊದಲ ಪರೀಕ್ಷೆ ದೊಡ್ಡಪ್ಪನ ದಿನಚರಿಯ ಮೇಲೆ ಆಗಿಹೋಗಿತ್ತು.

ಏಪ್ರಿಲ್ 19, 20: ಸ್ಟಿಕ್ಕರ್ ಓದಿದ್ದು

ಮೊದಲ ದಿನವೇ ಮಾಡಬೇಕಿದ್ದ ಕೆಲಸ ಇದು. ನಾಲ್ಕೂ ಸ್ಟಿಕ್ ಮೇಜಿನ ಮೇಲೆ ಸಾಲಾಗಿಟ್ಟು ಭೂತಗನ್ನಡಿ ಹಿಡಿದು ಸ್ಟಿಕ್ಕರ್ ಓದಿದೆ. ಮಾಡೆಲ್ ಸಂಖ್ಯೆ ಉದ್ದಕ್ಕಿದೆ, ಅಕ್ಷರ ಅಂಕಿ ಬೆರೆತದ್ದು. ಹಳೇದರಲ್ಲೂ ಹೊಸದರಲ್ಲೂ ಎಲ್ಲ ಒಂದೇ, ನಡುವಿನ ಒಂದು ಅಕ್ಷರ ಮಾತ್ರ ಬೇರೆ. ಅದರ ಪಕ್ಕ ಇನ್ನೂ ಸಣ್ಣದಾಗಿ ವರ್ಷನ್ ಸಂಖ್ಯೆ, ಅದೂ ಬೇರೆ.

ಕಂಪ್ಯೂಟರಿನ ಒಳಗಿನ ಭಾಗಗಳ ವಿವರ ತೋರಿಸುವ ಸಿಪಿಯು-ಜೆಡ್ ಸಾಫ್ಟ್‌ವೇರ್‌ನ ಎಸ್‌ಪಿಡಿ (ಸ್ಟಿಕ್ ತನ್ನೊಳಗೆ ಬರೆದಿಟ್ಟುಕೊಂಡ ವಿವರ) ಪುಟದಲ್ಲಿ ಒಂದೊಂದು ಸ್ಲಾಟನ್ನೂ ತೆರೆದು ನೋಡಿದೆ. ಹಳೇ ಕಿಟ್: 16-18-18-36 (ಒಂದೊಂದು ಹಂತಕ್ಕೆ ಸ್ಟಿಕ್‌ಗೆ ಬೇಕಾದ ಸಮಯದ ಅಂಕಿಗಳು), 1.35 ವೋಲ್ಟ್. ಹೊಸ ಕಿಟ್: 16-20-20-38, 1.35 ವೋಲ್ಟ್. ಒಳಗಿನ ಚಿಪ್ ಮಾಡಿದ ಕಂಪನಿಯೂ ಎರಡರಲ್ಲಿ ಬೇರೆ. ಎರಡೂ ಸಿಂಗಲ್ ರ‍್ಯಾಂಕ್, ಅಂದರೆ ಚಿಪ್‌ಗಳ ಒಂದೇ ಗುಂಪು ಇರುವ ಸ್ಟಿಕ್ (ಡ್ಯುಯಲ್ ಅಂದರೆ ಎರಡು ಗುಂಪು). ಡಬ್ಬಿ ಮೇಲಿನ ‘ಸಿಎಲ್16’ ಇದರ ಮೊದಲನೇ ಅಂಕಿ ಮಾತ್ರ. ಉಳಿದ ಮೂರು ಅಂಕಿ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ರ‍್ಯಾಮ್ ಮಾರುವವರು ಹೊರಗಿನ ಹೆಸರು ಹಾಗೇ ಇಟ್ಟುಕೊಂಡು ಒಳಗಿನ ಚಿಪ್ ಬದಲಾಯಿಸುವುದು ಮಾಮೂಲು. ನಾಲ್ಕು ವರ್ಷದ ಅಂತರದಲ್ಲಿ ತಗೊಂಡರೆ ಒಳಗಿನದು ಅದೇ ಇರುತ್ತದೆ ಅಂತ ಎಣಿಸಲೇಬಾರದು.

ಬಯಾಸ್‌ಗೆ ಹೋಗಿ ಈಗ ಯಾವ ಅಂಕಿ ನಡೀತಿದೆ ನೋಡಿದೆ. ನನ್ನ ಬೋರ್ಡು ಹಳೇ ಕಿಟ್‌ನ 16-18-18-36 ಅನ್ನೇ ನಾಲ್ಕಕ್ಕೂ ಹಚ್ಚಿತ್ತು. 20 ಬೇಕು ಅನ್ನುವ ಸ್ಟಿಕ್‌ಗೆ 18ರಲ್ಲಿ ಮುಗಿಸು ಅಂದಂತೆ. ಸರಿ, ಕಾರಣ ಸಿಕ್ಕಿತು, ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಹಾಗಾಗಲಿಲ್ಲ.

ಏಪ್ರಿಲ್ 20ರಿಂದ 28: ನಾಲ್ಕು ಪ್ರಯತ್ನ

ಒಂದನೆಯದು. ಕಿಟ್‌ಗಳ ಜಾಗ ಅದಲು ಬದಲು ಮಾಡಿದೆ. ಹೊಸದು ಎರಡು ಮತ್ತು ನಾಲ್ಕಕ್ಕೆ, ಹಳೇದು ಒಂದು ಮತ್ತು ಮೂರಕ್ಕೆ. ಬೋರ್ಡು ಈಗ 16-20-20-38 ಎತ್ತಿಕೊಂಡಿತು. ದೋಷ 39ರಿಂದ 6ಕ್ಕೆ ಇಳಿಯಿತು. ಇಳಿಯಿತು ನಿಜ, ಆದರೆ 6 ಅಂದರೂ ಹಾಳೇ. ರ‍್ಯಾಮ್ ವಿಷಯದಲ್ಲಿ ಸೊನ್ನೆ ಬಿಟ್ಟು ಬೇರೆ ಯಾವ ಅಂಕಿಯೂ ಪಾಸ್ ಅಲ್ಲ.

ಎರಡನೆಯದು. ಅಂಕಿಗಳನ್ನು ಕೈಯಾರೆ ಹಾಕಿ, ಕಮಾಂಡ್ ರೇಟ್ (ರ‍್ಯಾಮ್‌ಗೆ ಆದೇಶ ಕೊಡುವ ಗತಿ) 2ಟಿ, ಅಂದರೆ ನಿಧಾನ, ಮಾಡಿ, ವೇಗ 3200ರಲ್ಲೇ ಬಿಟ್ಟೆ. ಪರದೆ ಬರಲೇ ಇಲ್ಲ. ಐದು ಸಲ ಆಫ್ ಆನ್ ಮಾಡಿದರೂ ಬರಲಿಲ್ಲ, ತಾನಾಗಿ 2133ಕ್ಕೂ ಇಳಿಯಲಿಲ್ಲ. ಕರೆಂಟ್ ತೆಗೆದು, ಬೋರ್ಡಿನ ಮೇಲೆ ಬಯಾಸ್ ಸೆಟ್ಟಿಂಗ್ ಅಳಿಸಲು ಇರುವ ಕ್ಲಿಯರ್ ಸಿಮಾಸ್ ಪಿನ್ ಎರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿದೆ. ಎದ್ದಿತು. ಬಯಾಸ್‌ನ ಎಲ್ಲ ಸೆಟ್ಟಿಂಗ್ ಹೋಗಿದ್ದವು, ಫ್ಯಾನ್ ವೇಗ, ಬೂಟ್ ಕ್ರಮ, ಎಲ್ಲವೂ. ಮೊದಲೇ ಫೋಟೋ ತೆಗೆದುಕೊಂಡಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ಬೋರ್ಡಿನ ಸೆಲ್ ಹೇಗೂ ನಾಲ್ಕು ವರ್ಷದ್ದು, ₹40 ಕೊಟ್ಟು ಹೊಸ ಸಿಆರ್2032 ಹಾಕಿದೆ.

ಮೂರನೆಯದು. ಇದೇ ನನಗೆ ದೊಡ್ಡ ಪಾಠ ಕಲಿಸಿದ್ದು. ರ‍್ಯಾಮ್ ವೋಲ್ಟೇಜ್ 1.35ರಿಂದ 1.38ಕ್ಕೆ, ಎಸ್‌ಒಸಿ (ಪ್ರೊಸೆಸರ್‌ನಲ್ಲಿ ರ‍್ಯಾಮ್ ನೋಡಿಕೊಳ್ಳುವ ಭಾಗ) ವೋಲ್ಟೇಜ್ 1.1ಕ್ಕೆ ಏರಿಸಿದೆ. 3200, 16-20-20-38, ಕಮಾಂಡ್ ರೇಟ್ ಆಟೋ. ಎದ್ದಿತು. ರಾತ್ರಿ ಮೆಮ್‌ಟೆಸ್ಟ್, ನಾಲ್ಕು ಸುತ್ತು, ಸೊನ್ನೆ ದೋಷ. ಗೆದ್ದೆ ಅಂತ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅದು ಏಪ್ರಿಲ್ 24. ದಿನಚರಿ ಮಾತ್ರ ಇನ್ನೂ ಮುಟ್ಟಲಿಲ್ಲ, ಅದೊಂದು ಬುದ್ಧಿ ಬಂದಿತ್ತು.

26ರಂದು ಓಟು ಹಾಕಿ ಬಂದು ಮಧ್ಯಾಹ್ನ ಎರಡು ಗಂಟೆಗೆ ಹತ್ತು ಸಲದ ಕಾಪಿ ಪರೀಕ್ಷೆ ಮತ್ತೆ ಮಾಡಿದೆ. ಕರೆಂಟ್ ಇತ್ತು, ಕಿಟಕಿ ಮುಚ್ಚಿತ್ತು, ರೂಮಿನ ಥರ್ಮಾಮೀಟರ್ 35 ತೋರಿಸುತ್ತಿತ್ತು. ಏಳನೇ ಪ್ರತಿಯಲ್ಲಿ ಒಂದು ಬೈಟ್ ವ್ಯತ್ಯಾಸ ಬಂತು. ರಾತ್ರಿ 27 ಡಿಗ್ರಿಯಲ್ಲಿ ಪಾಸಾದದ್ದು ಮಧ್ಯಾಹ್ನ ಪಾಸಾಗಲಿಲ್ಲ. ರ‍್ಯಾಮ್ ಬಿಸಿಯಾದಷ್ಟೂ ಅಂಚಿನಲ್ಲಿರುವ ಸೆಟ್ಟಿಂಗ್ ಜಾರುತ್ತದೆ. ನಮ್ಮ ಊರಿನ ಬೇಸಿಗೆಯಲ್ಲಿ ರಾತ್ರಿ ಮಾತ್ರ ಪರೀಕ್ಷೆ ಮಾಡಿ ಸರಿಯಿದೆ ಅನ್ನಬಾರದು. ವೋಲ್ಟೇಜನ್ನು ಇನ್ನೂ ಏರಿಸಬಹುದಿತ್ತು. ಬೇಡ ಅನ್ನಿಸಿತು. ಕೆಲಸಕ್ಕೆ ಇರುವ ಕಂಪ್ಯೂಟರನ್ನು ಅಂಚಿನ ಮೇಲೆ ನಿಲ್ಲಿಸಿ ನನಗೇನಾಗಬೇಕು?

ನಾಲ್ಕನೆಯದು. ಆಮೇಲೆ ರೈಜನ್ ಪ್ರೊಸೆಸರ್‌ನ ಕಂಪನಿ ಎಎಂಡಿ ಕೊಟ್ಟಿರುವ ಅಂಕಿ ನೋಡಿದೆ. ರೈಜನ್ 3000 ಸರಣಿಗೆ ಎರಡು ಸ್ಟಿಕ್ ಇದ್ದರೆ 3200. ನಾಲ್ಕು ಸ್ಲಾಟೂ ತುಂಬಿದರೆ ಸಿಂಗಲ್ ರ‍್ಯಾಂಕ್‌ಗೆ 2933, ಡ್ಯುಯಲ್ ರ‍್ಯಾಂಕ್‌ಗೆ 2667. ಇದು ಗುಟ್ಟೇನಲ್ಲ, 2019ರಿಂದಲೂ ಇರುವ ಅಂಕಿ. ನಾಲ್ಕು ಸ್ಟಿಕ್ ಹಾಕಿದರೆ ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್ ಮೇಲೆ ಹೊರೆ ಜಾಸ್ತಿ, ಅದಕ್ಕೇ ವೇಗ ಇಳಿಯುತ್ತದೆ. ಅಂದರೆ ನನ್ನ ನಾಲ್ಕು ಸ್ಟಿಕ್ ಒಂದೇ ಡಬ್ಬಿಯಿಂದ ಬಂದಿದ್ದರೂ 3200 ನಡೆಯುತ್ತದೆ ಅಂತ ಯಾರೂ ಮಾತು ಕೊಟ್ಟಿರಲಿಲ್ಲ. ಡಿಡಿಆರ್5 ತಗೊಳ್ಳುವವರು ಇದನ್ನು ಇನ್ನೂ ಗಮನಿಸಬೇಕು: ರೈಜನ್ 7000ರಲ್ಲಿ ಎರಡು ಸ್ಟಿಕ್‌ಗೆ 5200 ಇರುವುದು ನಾಲ್ಕಕ್ಕೆ 3600ಕ್ಕೆ ಬೀಳುತ್ತದೆ.

ಹಾಕಿದ್ದು ಇಷ್ಟು: ವೇಗ 2933, 16-20-20-38, ರ‍್ಯಾಮ್ 1.35 ವೋಲ್ಟ್, ಎಸ್‌ಒಸಿ ಆಟೋ, ಗೇರ್ ಡೌನ್ ಮೋಡ್ (ಆದೇಶದ ಗತಿ ಸಡಿಲಿಸುವ ಸೆಟ್ಟಿಂಗ್) ಆನ್. ಪ್ರೊಸೆಸರ್‌ನ ಒಳಭಾಗಗಳನ್ನು ಜೋಡಿಸುವ ಇನ್‌ಫಿನಿಟಿ ಫ್ಯಾಬ್ರಿಕ್‌ನ ವೇಗ ತಾನಾಗಿ 1467ಕ್ಕೆ ಇಳಿಯಿತು. ಮೊದಲ ಸಲಕ್ಕೇ ಎದ್ದಿತು. ಕಪ್ಪು ಪರದೆ ಇಲ್ಲ, ಮೂರು ಸಲದ ಆಟ ಇಲ್ಲ.

ರಾತ್ರಿ ಮೆಮ್‌ಟೆಸ್ಟ್: ಸೊನ್ನೆ. ಮರುದಿನ ಬೆಳಗ್ಗೆ 11ರಿಂದ ಸಂಜೆ 5ರವರೆಗೆ, ಫ್ಯಾನ್ ಆಫ್, ಕಿಟಕಿ ಮುಚ್ಚಿ, ಪ್ರೈಮ್95 ಸಾಫ್ಟ್‌ವೇರ್‌ನ ಬ್ಲೆಂಡ್ ಪರೀಕ್ಷೆ (ಪ್ರೊಸೆಸರ್, ರ‍್ಯಾಮ್ ಎರಡಕ್ಕೂ ಹೊರೆ ಹಾಕುವುದು): ಒಂದೂ ತಪ್ಪಿಲ್ಲ. ಹತ್ತು ಸಲದ ಕಾಪಿಯನ್ನು ಮೂವತ್ತು ಸಲ ಮಾಡಿದೆ: ವ್ಯತ್ಯಾಸ ಇಲ್ಲ. ಇನ್ನೊಂದು ರಾತ್ರಿ ಮೆಮ್‌ಟೆಸ್ಟ್: ಸೊನ್ನೆ.

3200ರಿಂದ 2933ಕ್ಕೆ ಇಳಿದು ಕಳೆದುಕೊಂಡದ್ದೇನು ಅಂತಲೂ ಅಳೆದೆ. ನೂರು ಪುಟ ಸ್ವಚ್ಛ ಮಾಡುವ ಕೆಲಸಕ್ಕೆ ಮೊದಲು 16 ಜಿಬಿ, 3200ರಲ್ಲಿ 11 ನಿಮಿಷ 40 ಸೆಕೆಂಡ್ ಬೇಕಿತ್ತು. ಈಗ 32 ಜಿಬಿ, 2933ರಲ್ಲಿ 9 ನಿಮಿಷ 5 ಸೆಕೆಂಡ್. ಆ 267ಕ್ಕಾಗಿ ಎಂಟು ದಿನ ಹೊಡೆದಾಡಿದ್ದೆ.

ಮೇ 1ರಿಂದ 12: ಹಾಳಾದದ್ದನ್ನು ಹುಡುಕಿದ್ದು

ಕಂಪ್ಯೂಟರ್ ರಿಪೇರಿಗಿಂತ ಇದಕ್ಕೆ ಜಾಸ್ತಿ ಸಮಯ ಹಿಡಿಯಿತು.

ಏಪ್ರಿಲ್ 10ರ ಬ್ಯಾಕಪ್ ಹಳೇದರ ಮೇಲೆ ಕೂತಿತ್ತು ಅಂದೆನಲ್ಲ. ಅದನ್ನು ನಂಬುವಂತಿರಲಿಲ್ಲ. ಪುಣ್ಯಕ್ಕೆ ಜನವರಿಯಲ್ಲಿ ಒಂದು ಹಳೇ ಹಾರ್ಡ್‌ಡಿಸ್ಕ್‌ಗೆ ಎಲ್ಲ ತುಂಬಿ ಅಕ್ಕನ ಮನೆಯಲ್ಲಿ ಇಟ್ಟಿದ್ದೆ. ಅದನ್ನು ತಂದೆ. ಈ ಡೆಸ್ಕ್‌ಟಾಪಿಗೆ ಹಚ್ಚಲಿಲ್ಲ, ಲ್ಯಾಪ್‌ಟಾಪಿಗೆ ಹಚ್ಚಿದೆ. ಎರಡೂ ಡಿಸ್ಕ್‌ಗಳ ಪ್ರತಿ ಫೈಲಿಗೂ ವಿಂಡೋಸ್‌ನ ಸರ್ಟ್‌ಯುಟಿಲ್ ಕಮಾಂಡ್‌ನಿಂದ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂತಹ ಸಂಖ್ಯೆ, ಒಂದು ಬಿಟ್ ಬದಲಾದರೂ ಇದು ಬದಲಾಗುತ್ತದೆ) ತೆಗೆದು ಹೋಲಿಸಿದೆ. ಲೆಕ್ಕ ಹಾಕುವ ಕಂಪ್ಯೂಟರಿನ ರ‍್ಯಾಮೇ ತಪ್ಪಾಗಿದ್ದರೆ ಲೆಕ್ಕವೂ ತಪ್ಪಾಗುತ್ತದೆ, ಅದಕ್ಕೇ ಲ್ಯಾಪ್‌ಟಾಪ್.

ಜನವರಿಗೆ ಮೊದಲಿನ 1,860 ಫೈಲ್‌ಗಳಲ್ಲಿ ಮೂರು ಬೇರೆಯಾಗಿದ್ದವು. ಎರಡು ಸ್ಕ್ಯಾನ್ ಚಿತ್ರ. ಅದರಲ್ಲಿ ಎಷ್ಟು ಹುಡುಕಿದರೂ ಕಣ್ಣಿಗೆ ಏನೂ ಕಾಣುವುದಿಲ್ಲ, ಎಲ್ಲೋ ಒಂದು ಚುಕ್ಕಿಯ ಬಣ್ಣ ಬದಲಾಗಿದೆ. ಮೂರನೆಯದು ಟೈಪ್ ಮಾಡಿದ ಅಧ್ಯಾಯ. ಅದರಲ್ಲಿ ಶೇಂಗಾ ಮೂಟೆಯ ರೇಟು ‘132 ರೂಪಾಯಿ’ ಇದ್ದದ್ದು ‘172 ರೂಪಾಯಿ’ ಆಗಿತ್ತು. 3 ಮತ್ತು 7 ಅಂಕಿಗಳ ನಡುವೆಯೂ ಒಂದೇ ಬಿಟ್ ವ್ಯತ್ಯಾಸ.

ಇದನ್ನು ನೋಡಿದಾಗ ‘ಮರಗಾಲ’ಕ್ಕಿಂತ ಜಾಸ್ತಿ ಭಯವಾಯಿತು. ಮರಗಾಲ ಅಂತ ಓದಿದ ಅಕ್ಕ ತಕ್ಷಣ ನಿಂತರು. 172 ಅಂತ ಓದಿದ್ದರೆ ಯಾರೂ ನಿಲ್ಲುತ್ತಿರಲಿಲ್ಲ. ಪುಸ್ತಕವಾಗಿ ಅಚ್ಚಾಗುತ್ತಿತ್ತು. ಆ ಕಾಲದ ರೇಟು ಬೇಕಾದವರು ಅದನ್ನೇ ಬರೆದುಕೊಳ್ಳುತ್ತಿದ್ದರು. ದೊಡ್ಡಪ್ಪ ಲ್ಯಾಂಪ್ ಬೆಳಕಿನಲ್ಲಿ ಕೂತು ಸರಿಯಾಗಿ ಬರೆದ ಅಂಕಿ ಅದು.

ಏಪ್ರಿಲ್ 6ರ ನಂತರದ 214 ಸ್ಕ್ಯಾನ್‌ಗಳಿಗೆ ಹೋಲಿಸಲು ಬೇರೆ ಪ್ರತಿ ಇರಲಿಲ್ಲ. ಚಿತ್ರದಲ್ಲಿ ಒಂದು ಚುಕ್ಕಿ ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ನೋಟ್‌ಬುಕ್‌ಗಳ ಕಾಗದ ಪುಡಿಯಾಗುತ್ತಿದೆ, ಇನ್ನೊಂದು ಹತ್ತು ವರ್ಷಕ್ಕೆ ಈ ಚಿತ್ರಗಳೇ ಮೂಲ. 214ನ್ನೂ ಅಳಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಪುಟಕ್ಕೆ ಒಂದೂವರೆ ನಿಮಿಷ, ಒಂದೊಂದು ಹಾಳೆ ತಿರುಗಿಸುವಾಗಲೂ ಅಂಚು ಉದುರದಂತೆ ಕೆಳಗೆ ಬಟರ್ ಪೇಪರ್ ಹಿಡಿದು. ಮೂರು ಸಂಜೆ ಹಿಡಿಯಿತು. ಆ ವಾರ ಟೈಪ್ ಮಾಡಿದ್ದ ಪುಟಗಳನ್ನೆಲ್ಲ ಮತ್ತೆ ಪ್ರಿಂಟ್ ಹಾಕಿಸಿ ನೋಟ್‌ಬುಕ್ ಪಕ್ಕ ಇಟ್ಟು ಅಕ್ಷರ ಅಕ್ಷರ ಓದಿದ್ದು ಅಕ್ಕ. ಅಂಕಿಗಳನ್ನು ಅವರು ಜೋರಾಗಿ ಓದುತ್ತಿದ್ದರು, ನಾನು ನೋಟ್‌ಬುಕ್ ನೋಡಿ ಹೂಂ ಅನ್ನುತ್ತಿದ್ದೆ.

ಖರ್ಚು

ಕಿಟ್ ₹3,750. ರೈಲು, ಆಟೊ, ಊಟ ₹260. ಪೆನ್‌ಡ್ರೈವ್ ₹350. ಆಲ್ಕೋಹಾಲ್ ₹180. ಸೆಲ್ ₹40. ಮತ್ತೆ ಪ್ರಿಂಟ್ ಹಾಕಿಸಿದ್ದಕ್ಕೆ ₹480. ಒಟ್ಟು ₹5,060. ಹಳೇದನ್ನು ಕೊಟ್ಟು ಒಂದೇ ಕಿಟ್ ತಂದಿದ್ದರೆ ರೈಲು ಆಟೊ ಸೇರಿ ₹4,760 ಆಗುತ್ತಿತ್ತು. ಹೊಸ ಕಿಟ್ ಆದರೂ ಪರೀಕ್ಷೆ ಮಾಡಲೇಬೇಕು, ಆದರೆ ಒಂದು ರಾತ್ರಿಗೆ ಮುಗಿಯುತ್ತಿತ್ತು.

ಈಗ ನಾಲ್ಕು ಸ್ಟಿಕ್ ಇಟ್ಟುಕೊಂಡವರು ಗಾಬರಿಯಾಗಬೇಕಿಲ್ಲ. ಎಷ್ಟೋ ಜನರದ್ದು ಸರಿಯಾಗಿಯೇ ನಡೆಯುತ್ತದೆ. ಸಿಪಿಯು-ಜೆಡ್‌ನಲ್ಲಿ ನಾಲ್ಕೂ ಸ್ಲಾಟಿನ ಅಂಕಿ ಹೋಲಿಸಿ ನೋಡಿ. ಒಂದು ರಾತ್ರಿ, ಒಂದು ಬಿಸಿ ಮಧ್ಯಾಹ್ನ ಪರೀಕ್ಷೆಗೆ ಕೊಡಿ. ಅಲ್ಲಿಯವರೆಗೆ ಬ್ಯಾಕಪ್ ತೆಗೆಯಬೇಡಿ, ಮುಖ್ಯವಾದ ಫೈಲ್ ತೆರೆಯಬೇಡಿ.

ಮೇ 19, ಭಾನುವಾರ

2933ರಲ್ಲಿ ಮೂರು ವಾರ ಆಯಿತು. ಬ್ಲೂ ಸ್ಕ್ರೀನ್ ಇಲ್ಲ. ಬ್ಯಾಕಪ್ ಈಗ ಎರಡು ಡಿಸ್ಕ್‌ಗೆ ಸರದಿಯಂತೆ ಹೋಗುತ್ತದೆ, ಹಳೇದರ ಮೇಲೆ ಬರೆಯುವುದಿಲ್ಲ. ಪ್ರತಿ ಭಾನುವಾರ ಬೆಳಗ್ಗೆ ಲ್ಯಾಪ್‌ಟಾಪಿನಲ್ಲಿ ಹೋಲಿಕೆ ಓಡಿಸುತ್ತೇನೆ. ಇವತ್ತಿನದು 2,074 ಫೈಲು, ವ್ಯತ್ಯಾಸ ಸೊನ್ನೆ. ನಿನ್ನೆ ಸಂಜೆ ಇಲ್ಲಿ ಮಳೆ ಬಂತು, ರೂಮು 26 ಡಿಗ್ರಿಗೆ ಇಳಿದಿದೆ. 15ನೇ ನೋಟ್‌ಬುಕ್ ಸ್ಕ್ಯಾನರ್ ಮೇಲಿದೆ.